ಕೊಂಡದ್ದಕ್ಕೆ ಬಿದ್ದ ಬೀಗ

ಈಚೆಗೆ ಶಹಾಪುರದ ಸರ್ವೆ ಆಫೀಸುಗಳಿಗೆ ಸೇರುವ ಹುಡುಗಿಯರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ಮೊದಲು ಹೊಲದಲ್ಲಿ ನಡೆಯುವುದನ್ನು ಕಲಿಯಿರಿ ಅನ್ನುತ್ತೇನೆ. ಸಾಫ್ಟ್‌ವೇರು ವರ್ಷಕ್ಕೊಮ್ಮೆ ಬದಲಾಗುತ್ತದೆ, ನೀರು ಮಾತ್ರ ಇವತ್ತಿಗೂ ಇಳಿಜಾರಿಗೇ ಹರಿಯುತ್ತದೆ. ಮುದುಕಿಗೆ ಅರವತ್ತಾಯಿತು, ಏನೋ ಹೇಳುತ್ತಾಳೆ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಗಲಿ. ಅವರ ವಯಸ್ಸಿನಲ್ಲಿ ನಾನು ಇದಕ್ಕಿಂತ ಜೋರಾಗಿ ನಗುತ್ತಿದ್ದೆ.

ನಮ್ಮದು ದೋರನಹಳ್ಳಿ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ಐಟಿಐದಲ್ಲಿ ನಕ್ಷೆ ಬರೆಯುವ ಕೋರ್ಸು ಮುಗಿಸಿ, ಶಹಾಪುರದಲ್ಲಿ ಶರಣಬಸಪ್ಪ ಸಾಹೇಬರ ಆಫೀಸಿಗೆ ಸೇರಿದೆ. ಅವರು ಮೊದಲು ಕಾಲುವೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಆ ನೌಕರಿ ಬಿಟ್ಟು ಸ್ವಂತ ಸರ್ವೆ ಆಫೀಸು ತೆರೆದಿದ್ದರು. ಕೃಷ್ಣೆಯ ನೀರು ಕಾಲುವೆಯಲ್ಲಿ ನಮ್ಮ ಕಡೆಗೆ ಹರಿದು ಬಂದಿತ್ತು. ದೊಡ್ಡ ಕಾಲುವೆ ತೋಡುವುದು ಸರ್ಕಾರದ ಕೆಲಸ. ಆ ನೀರು ಕಡೆಯ ಹೊಲದ ಕಡೆಯ ಸಾಲಿಗೆ ಹೇಗೆ ಹೋಗಬೇಕು ಎಂದು ಅಳೆದು, ನಕ್ಷೆ ಬರೆದು ಕೊಡುವುದು ನಮ್ಮಂಥವರ ಕೆಲಸ. ಆಫೀಸೆಂದರೆ ಎರಡು ಕೋಣೆ, ಒಂದು ಓರೆ ಮೇಜು, ಮತ್ತೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಕಡೆಗೆ ಒಂದು ಕಿಟಕಿ. ಅಳತೆಪಟ್ಟಿ ಹಿಡಿದು ಹೊಲದಲ್ಲಿ ನಿಲ್ಲಲು ಹುಸೇನಿ ಎಂಬ ಗಟ್ಟಿ ಆಳು ಇದ್ದ.

ಆಗ ನಕ್ಷೆಯೆಲ್ಲ ಕೈಯಲ್ಲೇ. ಟ್ರೇಸಿಂಗ್ ಹಾಳೆ, ಮಸಿಯ ಪೆನ್ನು, ತಪ್ಪಾದರೆ ಬ್ಲೇಡಿನಿಂದ ಕೆರೆಯುವುದು. ಬೇಸಿಗೆಯಲ್ಲಿ ಮುಂಗೈಗೆ ವಸ್ತ್ರ ಸುತ್ತಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಹನಿ ಬೆವರು ಬಿದ್ದು ಇಡೀ ದಿನದ ಕೆಲಸ ನೀರಲ್ಲಿ ಹೋಮ. ನಾನು ಬರೆದ ಮೊದಲ ನಕ್ಷೆಯನ್ನು ಸಾಹೇಬರು ಅಂದ ಚಂದ ನೋಡಲಿಲ್ಲ. ಒಂದು ಗೆರೆಯ ಮೇಲೆ ಬೆರಳಿಟ್ಟು, "ತಂಗಿ, ನೀನ ನೀರಾದರ ಇಲ್ಲಿಂದ ಎತ್ತ ಹೋಗ್ತಿ?" ಎಂದು ಕೇಳಿದರು. ಗೊತ್ತಾಗುವ ತನಕ ಅಲ್ಲೇ ಕೂತಿರು ಎಂದು ಚಹಾ ತರಿಸಿಕೊಟ್ಟರು. ಅವರ ಶಿಕ್ಷೆಯ ರೀತಿ ಅದು. ಬೈಗುಳ ಇಲ್ಲ, ಚಹಾ ಮಾತ್ರ. ಆ ಚಹಾ ಕುಡಿದು ಕುಡಿದೇ ನಾನು ಕೆಲಸ ಕಲಿತೆ.

ಸಾಹೇಬರು ತಪ್ಪೇ ಮಾಡದ ದೇವರು ಎಂದು ಯಾರೂ ತಿಳಿಯಬೇಡಿ. ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಒಂದು ಮೋರಿಗೆ ಅಳತೆ ಮಾಡಬೇಕಿತ್ತು. ನಮ್ಮ ಹಳೆಯ ದುರ್ಬೀನಿನಲ್ಲಿ ಅಳತೆಪಟ್ಟಿ ತಲೆಕೆಳಗಾಗಿ ಕಾಣುತ್ತಿತ್ತು. ಆ ಕಾಲದ ಯಂತ್ರಗಳೆಲ್ಲ ಹಾಗೇ. ಸಾಹೇಬರ ಕಣ್ಣು ಜೀವಮಾನವೆಲ್ಲ ತಲೆಕೆಳಗೆ ಓದಿಯೇ ಪಳಗಿತ್ತು. ಆ ವಾರ ಹೊಸ ಯಂತ್ರ ಬಂದಿತ್ತು, ಅದರಲ್ಲಿ ಪಟ್ಟಿ ನೆಟ್ಟಗೆ ಕಾಣುತ್ತದೆ. ಸಾಹೇಬರು ರೂಢಿಯಂತೆ ಸಣ್ಣ ಗುರುತುಗಳನ್ನೆಲ್ಲ ಮೇಲಿಂದ ಕೆಳಕ್ಕೆ ಎಣಿಸಿದರು, ನಾನು ಹೇಳಿದ್ದನ್ನು ಹೇಳಿದಂತೆ ಇಳಿಸಿದೆ. ನಕ್ಷೆ ಒಯ್ದು ತೋರಿಸಿದರೆ ಓಣಿಯ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಸಾಹೇಬ್ರ, ನಮ್ಮ ಮೋರಿ ಗುಡ್ಡ ಹತ್ತತದೇನ್ರಿ?" ಎಂದರು.

ಬೇರೆ ಯಾರಾದರೂ ಆಗಿದ್ದರೆ ಪಟ್ಟಿ ಓರೆ ಹಿಡಿದೆ ಎಂದು ಹುಸೇನಿಯ ತಲೆಗೆ ಕಟ್ಟುತ್ತಿದ್ದರು, ಇಲ್ಲವೇ ಹುಡುಗಿ ತಪ್ಪು ಬರೆದಳು ಎನ್ನುತ್ತಿದ್ದರು. ಅಂಥ ಮೇಲಧಿಕಾರಿಗಳನ್ನು ನಾನು ಯಾದಗಿರಿಯ ಕಚೇರಿಗಳಲ್ಲಿ ಗಾಡಿಗಟ್ಟಲೆ ಕಂಡಿದ್ದೇನೆ. ಸಾಹೇಬರು ಓಣಿಯ ಕಟ್ಟೆಯ ಮೇಲೆ ನಿಂತು, ಯಂತ್ರ ಹೊಸದು, ಕಣ್ಣು ಹಳೆಯದು, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮಾರನೆಯ ದಿನ ಮೊದಲಿಂದ ಅಳೆದೆವು. ಅವತ್ತೇ ನಾನು, ದುಡಿದರೆ ಇವರ ಕೈಕೆಳಗೇ ದುಡಿಯಬೇಕು ಎಂದು ಗಟ್ಟಿ ಮಾಡಿಕೊಂಡೆ.

ಕಾಲ ಬದಲಾಯಿತು. ಮೂರು ಕಾಲಿನ ಮೇಲೆ ನಿಲ್ಲಿಸಿದ ಯಂತ್ರವೇ ಅಳತೆಯನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳತೊಡಗಿತು. ಓರೆ ಮೇಜಿನ ಜಾಗಕ್ಕೆ ಕಂಪ್ಯೂಟರು ಬಂತು. ಯಾದಗಿರಿಯ ಬಜಾರಿನಲ್ಲಿ ಕೇಳಿದ ಸಾಫ್ಟ್‌ವೇರನ್ನೆಲ್ಲ ಕಳ್ಳ ನಕಲು ಮಾಡಿ ಹಾಕಿಕೊಡುವ ಅಂಗಡಿಗಳಿದ್ದವು, ನಮ್ಮ ಸುತ್ತಿನ ಆಫೀಸುಗಳೆಲ್ಲ ಹಾಗೇ ನಡೆಯುತ್ತಿದ್ದವು. ಸಾಹೇಬರು ಮಾತ್ರ ಕಂಪನಿಗೆ ಪೂರಾ ಬೆಲೆ ಕಟ್ಟಿ ನಕ್ಷೆಯ ಸಾಫ್ಟ್‌ವೇರ್ ಕೊಂಡರು. ಅದು ಪೆಟ್ಟಿಗೆಯಲ್ಲಿ ಬರುವ ವಸ್ತುವಲ್ಲ, ಕಂಪನಿಯ ತಾಣಕ್ಕೆ ಹೋಗಿ ನಮ್ಮ ಹೆಸರು ಹೇಳಿ ಇಳಿಸಿಕೊಳ್ಳಬೇಕು. ಆಗಿನ ಇಂಟರ್ನೆಟ್ಟಿನ ನಡಿಗೆಗೆ ಅದು ಇಳಿಯಲು ಬೆಳಗಿನಿಂದ ಸಂಜೆಯಾಯಿತು. ಪೂರಾ ಇಳಿದಾಗ ಸಾಹೇಬರು ಆಫೀಸಿಗೆಲ್ಲ ಪೇಢೆ ಹಂಚಿದರು. ನಮ್ಮ ಜೋಳ ಕಂಪನಿಯ ಹಗೇವಿನಲ್ಲಿದೆ, ಬೇಕಾದಾಗ ಹೋಗಿ ತೆಗೆದುಕೊಂಡರಾಯಿತು ಎನ್ನುವುದು ಅವರ ತಿಳಿವಳಿಕೆ. ನೆಲದೊಳಗೆ ಜೋಳ ತುಂಬಿಡುವ ಊರಿನವರಿಗೆ ಬೇರೆ ಹೇಗೆ ತಿಳಿದೀತು?

ಈ ತಿಳಿವಳಿಕೆಯಿಂದ ಒಂದು ಪದ್ಧತಿಯೂ ಹುಟ್ಟಿತು. ಮಹಾನವಮಿಗೆ ನಮ್ಮಲ್ಲಿ ಖಂಡೇ ಪೂಜೆ. ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆ ಯಂತ್ರ, ಯಾರ ಕೈಯಲ್ಲಿ ಏನಿದೆಯೋ ಅದನ್ನು ತೊಳೆದು ಒರೆಸಿ ವಿಭೂತಿ ಹಚ್ಚಿ ಪೂಜಿಸುತ್ತಾರೆ. ಮೈಲಿಗೆಯ ಹತಾರಕ್ಕೆ ಪೂಜೆ ಇಲ್ಲ. ಹಾಗಾದರೆ ಕಂಪ್ಯೂಟರನ್ನು ತೊಳೆಯುವುದು ಹೇಗೆ? ನೀರು ಹಾಕುವಂತಿಲ್ಲ. ಸಾಹೇಬರು ಯೋಚಿಸಿ ಒಂದು ದಾರಿ ಕಂಡುಕೊಂಡರು. ನಕ್ಷೆಗಳನ್ನೆಲ್ಲ ಬೇರೆ ಡಿಸ್ಕಿಗೆ ಎತ್ತಿಟ್ಟು, ಕಂಪ್ಯೂಟರನ್ನು ಒಳಗಿನಿಂದ ಪೂರಾ ಅಳಿಸಿಬಿಡುವುದು. ಹಳೆಯದೊಂದು ಚೂರೂ ಉಳಿಯಬಾರದು. ಆಮೇಲೆ ಹೊಸದಾಗಿ ಎಲ್ಲವನ್ನೂ ಇಳಿಸಿಕೊಂಡು, ಚೆಂಡು ಹೂವು ಏರಿಸಿ, ಕಾಯಿ ಒಡೆಯುವುದು. ಪ್ರತಿ ಮಹಾನವಮಿಗೂ ನಮ್ಮ ಕಂಪ್ಯೂಟರಿಗೆ ಹೀಗೆ ಅಭ್ಯಂಜನ ನಡೆಯುತ್ತಿತ್ತು. ನಾನು ಬೌದ್ಧರ ಮನೆಯವಳು, ಪೂಜೆಗೆ ನಿಲ್ಲುತ್ತಿರಲಿಲ್ಲ. ಆದರೆ ಅಳಿಸುವುದೂ ಇಳಿಸುವುದೂ ನನ್ನ ಕೈಯಲ್ಲೇ ಇತ್ತು. ಯಂತ್ರ ಮರುದಿನ ಚುರುಕಾಗಿ ಓಡುತ್ತಿದ್ದುದರಿಂದ ನನಗೂ ಅದು ಒಳ್ಳೆಯ ಪದ್ಧತಿ ಎನಿಸಿತ್ತು.

ಹೀಗಿರುವಾಗ ಭೀಮವ್ವ ಬಂದಳು. ದೋರನಹಳ್ಳಿಯ ಸೀಮೆಯಲ್ಲಿ ಒಂದು ಮರಿಗಾಲುವೆಯ ಕೊನೆಗೆ ಅವಳ ಹೊಲ. ಅವಳದು, ಮತ್ತೆ ಅಕ್ಕಪಕ್ಕದ ಕೆಲವು ಮನೆಗಳದು, ಎಲ್ಲ ಸೇರಿ ಒಂದೇ ತೂಬಿಗೆ ಸೇರಿದ ಜಮೀನು. ಕಾಲುವೆ ಆ ಜಾಗದಲ್ಲಿ ಒಂದಾಳು ಎತ್ತರದಿಂದ ಧುಮುಕುತ್ತದೆ. ಗುತ್ತಿಗೆದಾರ ತೂಬನ್ನು ಧುಮುಕಿನ ಕೆಳಗೆ ಕೂಡಿಸಿದ್ದ. ಹೊಲಗಳೋ ದಿಬ್ಬದ ಮೇಲೆ. ತೂಬಿನ ಬಾಯಿಗೆ ನೀರು ಬಂದರೂ ಹೊಲಕ್ಕೆ ಏರುವುದಿಲ್ಲ. ಕಾಲುವೆ ತುಂಬಿ ಹರಿಯುವುದನ್ನು ಭೀಮವ್ವ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು, ಅಷ್ಟೇ. ತೂಬನ್ನು ಧುಮುಕಿನ ಮೇಲಕ್ಕೆ ಸರಿಸಿದರೆ ನೀರು ತಾನಾಗಿ ಹೊಲಕ್ಕೆ ಇಳಿಯುತ್ತದೆ. ನಾವು ಅಳೆದು, ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಇದನ್ನು ಖಾತ್ರಿ ಮಾಡಿಕೊಂಡಿದ್ದೆವು. ಬೇಸಿಗೆಯಲ್ಲಿ ಕಾಲುವೆ ಬತ್ತಿಸಿದಾಗ ಇಲಾಖೆಯ ದೊಡ್ಡ ಎಂಜಿನಿಯರು ಸ್ಥಳಕ್ಕೆ ಬಂದು ನಕ್ಷೆ ನೋಡಿ ತೀರ್ಮಾನ ಕೊಡುವುದೆಂದಾಯಿತು. ಆ ದಿನ ತಪ್ಪಿದರೆ ಸಿಮೆಂಟಿನ ಕೆಲಸ ಮುಗಿದು ನೀರು ಬಿಡುತ್ತಾರೆ. ಮತ್ತೆ ಒಂದು ವರ್ಷ ಭೀಮವ್ವ ದಂಡೆಯ ಮೇಲೆ ನಿಲ್ಲಬೇಕು. ನಕ್ಷೆ ತಮ್ಮ ಜವಾಬ್ದಾರಿ ಎಂದು ಸಾಹೇಬರು ಅವಳಿಗೆ ಮಾತು ಕೊಟ್ಟಿದ್ದರು.

ಎಂಜಿನಿಯರು ಬರಲು ಒಂದು ವಾರವೂ ಉಳಿದಿರಲಿಲ್ಲ, ಕರೆಂಟು ಎದ್ದು ಬಿದ್ದು ಕಂಪ್ಯೂಟರಿನ ಡಿಸ್ಕು ಸುಟ್ಟಿತು. ನಾವು ಹೆದರಲಿಲ್ಲ. ನಕ್ಷೆಯ ಫೈಲು ಬೇರೆ ಡಿಸ್ಕಿನಲ್ಲಿ ಭದ್ರವಾಗಿತ್ತು. ಹೊಸ ಡಿಸ್ಕು ಹಾಕಿಸಿ, ಸಾಫ್ಟ್‌ವೇರ್ ಇಳಿಸಿಕೊಳ್ಳಲು ಕಂಪನಿಯ ತಾಣಕ್ಕೆ ಹೋದೆ. ಇಳಿಸಿಕೊಳ್ಳುವ ಗುಂಡಿ ಇದ್ದಲ್ಲಿ ಬೂದು ಬಣ್ಣದ ಒಂದು ಸಾಲಿತ್ತು: ನಿಮಗೆ ಅನುಮತಿಸಿದಷ್ಟು ಸಲ ಇಳಿಸಿಕೊಂಡಾಗಿದೆ. ಅದರ ಕೆಳಗೆ ಇನ್ನೊಂದು: ವರ್ಷವರ್ಷ ಚಂದಾ ಕಟ್ಟುವವರಿಗೆ ಮಾತ್ರ ಹಳೆಯ ಆವೃತ್ತಿಗಳು ಲಭ್ಯ. ನಾವು ಕೊಂಡಾಗ ಈ ಎರಡೂ ಮಾತು ಯಾರ ಬಾಯಲ್ಲೂ ಇರಲಿಲ್ಲ. ಅಳತೆಗಳೂ ಅದೇ ಫೈಲಿನೊಳಗೆ. ಕಾಗದದ ಮೇಲೆ ಬರೆಯುವುದನ್ನು ನಾವು ಬಿಟ್ಟು ವರ್ಷಗಳಾಗಿದ್ದವು. ಫೈಲು ಕೈಯಲ್ಲಿದೆ, ತೆರೆಯುವ ಸಾಧನ ಅವರ ಹತ್ತಿರ ಇದೆ.

ಸಾಹೇಬರು ಕಂಪನಿಗೆ ಫೋನು ಹಚ್ಚಿದರು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಅವಳು ಹಿಂದಿಯಲ್ಲಿ, ಇವರು ನಮ್ಮ ಕಡೆಯ ದಖನಿಯಲ್ಲಿ. ಇಷ್ಟು ಸಲ ಯಾಕೆ ಇಳಿಸಿಕೊಂಡಿರಿ, ಬೇರೆ ಆಫೀಸುಗಳಿಗೆ ಹಂಚಿದಿರಾ ಎಂದು ಅವಳು ಕೇಳಿದಳು. ಸಾಹೇಬರು ಸಿಟ್ಟಾಗದೆ ಖಂಡೇ ಪೂಜೆ ಎಂದರೇನು, ಹತಾರವನ್ನು ಯಾಕೆ ತೊಳೆಯಬೇಕು, ಕಂಪ್ಯೂಟರಿಗೆ ಯಾಕೆ ನೀರು ಹಾಕಬಾರದು ಎಂದು ಮೊದಲಿಂದ ಕೊನೆಯವರೆಗೆ ವಿವರಿಸಿದರು. ಆ ಕಡೆ ಹುಡುಗಿ ನಕ್ಕಳು. ಅವಳ ಅಪ್ಪ ದರ್ಜಿಯಂತೆ, ದಸರೆಗೆ ಹೊಲಿಗೆ ಯಂತ್ರ ಬಿಚ್ಚಿ ಒಂದೊಂದೇ ತಿರುಪು ಒರೆಸುತ್ತಿದ್ದನಂತೆ. ಅವಳಿಗೆ ಅರ್ಥವಾಯಿತು, ಆದರೆ ಬೀಗ ತೆಗೆಯುವ ಅಧಿಕಾರ ಅವಳಿಗಿಲ್ಲ. ಮೇಲಿನವರಿಗೆ ಬರೆಯುತ್ತೇನೆ, ಉತ್ತರಕ್ಕೆ ದಿನ ಹಿಡಿಯುತ್ತದೆ ಎಂದಳು. ಭೀಮವ್ವನ ಹತ್ತಿರ ಆ ದಿನಗಳಿರಲಿಲ್ಲ.

ಯಾರಾದರೂ ಮಾಡುವ ಯೋಚನೆಯನ್ನೇ ನಾನೂ ಮಾಡಿದೆ. ಯಾದಗಿರಿಯ ಅಂಗಡಿಗೆ ಹೋದರೆ ಚಹಾ ಕುಡಿಯುವಷ್ಟರಲ್ಲಿ ಕಳ್ಳ ನಕಲು ಹಾಕಿಕೊಡುತ್ತಾರೆ. ಮಧ್ಯಾಹ್ನದ ಬಸ್ಸಿಗೆ ಹೋಗಿ ಬಂದರೆ ಸಂಜೆಗೆ ನಕ್ಷೆ ಕೈಯಲ್ಲಿ. ಚೀಲ ಹೆಗಲಿಗೆ ಹಾಕಿಕೊಂಡು ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಕೊಂಡ ವಸ್ತು ಕದ್ದು ಯಾಕ ತರಬೇಕು, ತಂಗಿ?"

"ಅವರು ಕೊಡವಲ್ಲರು ಅಂದ ಮ್ಯಾಲ ಮತ್ತೇನ ಮಾಡೂದ್ರಿ?" ಎಂದೆ. ನನ್ನ ದನಿ ಏರಿತ್ತು.

"ಕಳ್ಳ ಮಾಲು ಒಂದ್ಸಲ ಹಾಕಿದಿ ಅಂದ್ರ, ನೀವು ಹಂಚೀರಿ ಅಂತ ಅವರು ಅಂದದ್ದು ಖರೆ ಆಗತದ. ಹಕ್ಕಿನವರು ನಾವು. ನಾವ ಕಳ್ಳರಾಗಿ ಯಾಕ ನಿಲ್ಲಬೇಕು?"

ನನಗೆ ಆಗ ಅವರ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಇವರ ಹಟಕ್ಕೆ ಭೀಮವ್ವನ ಹೊಲ ಯಾಕೆ ಒಣಗಬೇಕು? ಹಾಗೇ ಕೇಳಿಬಿಟ್ಟೆ ಕೂಡ. ಸಾಹೇಬರು ಒಳಗೆ ಹೋಗಿ, ಮೂಲೆಯಲ್ಲಿ ಮಂಚದ ಕೆಳಗೆ ಬಿದ್ದಿದ್ದ ಹಳೆಯ ದುರ್ಬೀನಿನ ಪೆಟ್ಟಿಗೆಯನ್ನು ಎಳೆದು, ಧೂಳು ಝಾಡಿಸಿ, ಹುಸೇನಿಯನ್ನು ಕರೆಯಲು ಹೇಳಿದರು. ಅಳತೆಯನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಯಂತ್ರದ ಲೆಕ್ಕವೂ ಆ ಸಾಫ್ಟ್‌ವೇರಿನಲ್ಲೇ ಬಿಚ್ಚಿಕೊಳ್ಳಬೇಕಿದ್ದುದರಿಂದ ಅದು ಉಪಯೋಗಕ್ಕಿರಲಿಲ್ಲ. ಪಟ್ಟಿ ನೆಟ್ಟಗೆ ತೋರಿಸುವ ಯಂತ್ರವನ್ನು ಇದನ್ನು ಕೊಳ್ಳುವಾಗಲೇ ಮಾರಿದ್ದೆವು. ತಲೆಕೆಳಗೆ ತೋರಿಸುವ ಆ ಮುದಿ ದುರ್ಬೀನೇ ನಮಗೆ ಗತಿ.

ನಮ್ಮ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೆ ತಿಳಿಯುವುದಿಲ್ಲ. ಸಾಹೇಬರಿಗೆ ಆಗಲೇ ಅರವತ್ತು ದಾಟಿತ್ತು. ತಲೆಗೆ ಒದ್ದೆ ಟವೆಲು ಸುತ್ತಿ ಬೆಳಗಿನ ಬೆಳಕು ಹರಿಯುತ್ತಲೇ ದಿಬ್ಬದ ಮೇಲೆ ನಿಲ್ಲುತ್ತಿದ್ದರು. ಕಪ್ಪು ನೆಲ ಬಾಯಿ ಬಿಟ್ಟಿತ್ತು, ಹುಸೇನಿ ಬಿರುಕು ದಾಟಿ ದಾಟಿ ಪಟ್ಟಿ ಹಿಡಿಯುತ್ತಿದ್ದ. ಹೊತ್ತೇರಿದರೆ ನೆಲದಿಂದ ಝಳ ಎದ್ದು ಪಟ್ಟಿಯ ಅಂಕಿಗಳು ಕುಣಿಯುತ್ತವೆ. ಆಗ ನಿಲ್ಲಿಸಿ ಬೇವಿನ ಮರದ ಕೆಳಗೆ ಕೂತು, ಸಂಜೆ ಮತ್ತೆ ಶುರು. ಭೀಮವ್ವ ರೊಟ್ಟಿ, ಪುಂಡಿಪಲ್ಯ, ಮಡಕೆಯ ಮಜ್ಜಿಗೆ ಹೊತ್ತು ತರುತ್ತಿದ್ದಳು. ನಾನು ಓರೆ ಮೇಜಿನ ಹಲಗೆಯನ್ನು ಅಟ್ಟದಿಂದ ಇಳಿಸಿ, ಟ್ರೇಸಿಂಗ್ ಹಾಳೆ ಹುಡುಕಿ ತಂದು, ಮುಂಗೈಗೆ ವಸ್ತ್ರ ಸುತ್ತಿ ಕೂತೆ. ಮೊದಲ ಗೆರೆಯನ್ನು ಎರಡು ಸಲ ಬ್ಲೇಡಿನಿಂದ ಕೆರೆದೆ. ಸ್ವಲ್ಪ ಹೊತ್ತಿಗೆ ಕೈಗೆ ಎಲ್ಲ ನೆನಪಾಯಿತು. ನನ್ನ ಸಿಟ್ಟು ಯಾವ ಗಳಿಗೆಯಲ್ಲಿ ಇಳಿಯಿತೋ ಗೊತ್ತಿಲ್ಲ. ಆ ಬಿಸಿಲಲ್ಲಿ ನಿಂತ ಮನುಷ್ಯನನ್ನು ನೋಡುತ್ತಾ ಸಿಟ್ಟನ್ನು ಉಳಿಸಿಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಗೊತ್ತಾದ ದಿನ ಬಂದ ಎಂಜಿನಿಯರು ಹೊಸಬರು, ವಯಸ್ಸಿನಲ್ಲಿ ಚಿಕ್ಕವರು. ಸಾಹೇಬರು ಜೀಪಿನ ಮೂತಿಯ ಮೇಲೆ ಹಾಳೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರು. ಇದರ ಕಂಪ್ಯೂಟರ್ ಪ್ರತಿ ಎಲ್ಲಿ ಎಂದು ಎಂಜಿನಿಯರು ಕೇಳಿದ್ದು ಸಹಜವೇ. ಸಾಹೇಬರು ಇದ್ದದ್ದು ಇದ್ದಂತೆ ಹೇಳಿದರು: ಪ್ರತಿ ಇದೆ, ತೆರೆಯಲು ಬರುವುದಿಲ್ಲ, ತೆರೆಯುವುದನ್ನು ಬೆಲೆ ಕೊಟ್ಟು ಕೊಂಡಿದ್ದೇನೆ, ಮಾರಿದವರು ಬಾಗಿಲು ಹಾಕಿಕೊಂಡಿದ್ದಾರೆ. "ಈ ಹಾಳಿ ಮ್ಯಾಲ ಎಷ್ಟು ಚುಕ್ಕಿ ಅದಾವೋ ಅಷ್ಟೂ ಜಾಗಾಕ ನಾನ ನಿಂತು ನೋಡೀನ್ರಿ. ಬೇಕಾದ ಚುಕ್ಕಿ ತೋರಸ್ರಿ, ನಿಮ್ಮ ಯಂತ್ರಲೆ ಅಳೀರಿ" ಎಂದರು.

ಎಂಜಿನಿಯರು ಒಳ್ಳೆಯ ಮನುಷ್ಯ. ಮುಖ ಸಿಂಡರಿಸಲಿಲ್ಲ, ನಿಯಮ ಓದಲಿಲ್ಲ. ಬೂಟು ಕಾಲಲ್ಲೇ ಹೆಂಟೆ ತುಳಿಯುತ್ತ ದಿಬ್ಬ ಹತ್ತಿ, ತಮಗೆ ಬೇಕಾದ ಜಾಗಗಳನ್ನು ಆರಿಸಿ, ತಮ್ಮ ಜನರಿಂದ ಅಳೆಸಿದರು. ಭೀಮವ್ವ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದಳು. ಒಂದೊಂದು ಅಳತೆಯೂ ಹಾಳೆಗೆ ಕೂಡಿತು. ಕೊನೆಗೆ ಅವರು ನಕ್ಷೆಯ ಮೇಲೆ, ಧುಮುಕಿನ ಮೇಲುಗಡೆ, ತಮ್ಮ ಪೆನ್ನಿನಿಂದ ಒಂದು ಗುರುತು ಹಾಕಿ, ತೂಬು ಇಲ್ಲಿಗೆ ಬರಲಿ ಎಂದರು. ಹೊರಡುವಾಗ, ಕೈಯಲ್ಲಿ ಬರೆದ ನಕ್ಷೆಯನ್ನು ಕಾಲೇಜು ಬಿಟ್ಟ ಮೇಲೆ ಇವತ್ತೇ ನೋಡಿದ್ದು ಎಂದು ನನ್ನ ಕಡೆ ತಿರುಗಿ ಹೇಳಿದರು. ನಾನು ವಾರಗಟ್ಟಲೆ ಆ ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮಳೆಗಾಲ ಹಿಡಿದ ಮೇಲೆ ಕಾಲುವೆಗೆ ನೀರು ಬಿಟ್ಟರು. ನಾವು ಹೋದಾಗ ತೂಬಿನಿಂದ ನೀರು ಹೊಲಗಾಲುವೆಗೆ ಇಳಿದು, ಕಸಕಡ್ಡಿ ದೂಡಿಕೊಂಡು, ದಿಬ್ಬದ ಹೆಗಲನ್ನು ಬಳಸಿ ಭೀಮವ್ವನ ಬದುವಿಗೆ ಬರುತ್ತಿತ್ತು. ನಮ್ಮ ಗೆರೆಯ ಮೇಲೇ ಬರುತ್ತಿತ್ತು. ಊರಿನ ಮುಖಂಡರೊಬ್ಬರು ಹಾರ ತರಿಸಿ, ತಮ್ಮ ಪ್ರಯತ್ನದಿಂದ ನೀರು ಬಂತೆಂದು ಹೇಳಿ, ಭೀಮವ್ವನ ಕೈಗೆ ಹಾರ ಕೊಟ್ಟು ಕೊರಳು ಚಾಚಿದರು. ಅವಳು ಆ ಹಾರವನ್ನು ಹರಿಯುವ ನೀರಿಗೆ ಬಿಟ್ಟಳು. "ನಮ್ಮ ಪಾಲಿನ ನೀರು ನಮಗ ಬಂದಾವ್ರಿ ಯಪ್ಪಾ. ಅದಕ ಹಾರ ಯಾಕ?" ಎಂದಳು, ಮೆತ್ತಗೆ. ಆಮೇಲೆ ನಮ್ಮ ಮೂವರನ್ನೂ ಬೇವಿನ ಕೆಳಗೆ ಕೂಡಿಸಿ ಹೋಳಿಗೆ ಬಡಿಸಿದಳು. ಹುಸೇನಿಗೆ ಒಂದು ಹೆಚ್ಚು.

ಅದೇ ವಾರ ಕಂಪನಿಯ ಸಂದೇಶ ಬಂತು. ನಿಮ್ಮದನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ, ದಯೆಯಿಂದ ಇನ್ನೊಂದು ಸಲ ಇಳಿಸಿಕೊಳ್ಳಲು ಅವಕಾಶ ಕೊಟ್ಟಿದ್ದೇವೆ. ನಮ್ಮ ಸೇವೆಯ ಬಗ್ಗೆ ಎರಡು ಮಾತು ಬರೆಯಿರಿ ಎಂದಿತ್ತು. ನನಗೆ ಹೋದ ಜೀವ ಬಂದಂತಾಯಿತು. ಕೂತು ಉದ್ದಕ್ಕೆ ಬರೆದೆ: ತಮ್ಮ ಉಪಕಾರ ಮರೆಯುವುದಿಲ್ಲ, ತುಂಬಾ ಧನ್ಯವಾದ, ಇತ್ಯಾದಿ. ಸಾಹೇಬರು ಹಿಂದೆ ಬಂದು ನಿಂತು ಓದಿದರು.

"ಇಳಿಸಿಕೋ ತಂಗಿ, ಅದು ನಮ್ಮದ. ಉಪಕಾರ ಅಂತ ಬರೀಬ್ಯಾಡ, ಅಳಸು."

ಅಳಿಸಿದೆ. ಅವರು ಬಾಗಿಲ ತನಕ ಹೋಗಿ ತಿರುಗಿದರು.

"ಆ ದರ್ಜಿ ಮಗಳಿಗಿ ಬ್ಯಾರೆ ಬರಿ. ಆಕಿಗಿ ನನ್ನ ಶರಣು ಹೇಳು. ನೀರು ಬಂದಾವ ಅಂತ ಬರಿ."